ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಬಹುದಾ?

ಅಮ್ಮ ಪಾವಗಡದ ಹತ್ತಿರ ಶೀಟ್ ಮನೆಯಲ್ಲಿದ್ದಾರೆ, ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ಮೂರು ತಿಂಗಳಿಗಾಗುವಷ್ಟು ತಂದುಕೊಡುತ್ತೇನೆ, ಎಲ್ಲ ಬಿಡಿಸಿ ಒಂದೇ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಲಾ ಅಂತ ಕೇಳಿದ್ದೀರಿ. ನಾನು ಮಧುಗಿರಿಯಲ್ಲಿ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ದಯವಿಟ್ಟು ಬಿಡಿಸಬೇಡಿ. ಫ್ರಿಜ್ಜೂ ಬೇಡ.

ಎಕ್ಸ್‌ಪೈರಿ ತಾರೀಖು ಸೀಲ್ ಒಡೆಯದ ಸ್ಟ್ರಿಪ್‌ಗೆ ಹಾಕಿದ ಲೆಕ್ಕ. ಮಾತ್ರೆ ಹೊರಗೆ ಬಂದರೆ ಆ ಲೆಕ್ಕ ನಡೆಯುವುದಿಲ್ಲ. ಗಾಳಿಯ ತೇವ ತಗುಲಿದರೆ ಆಸ್ಪಿರಿನ್ ಒಡೆದು ವಿನಿಗರ್ ವಾಸನೆ ಬರುತ್ತದೆ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಮಾತ್ರೆ ನೀರು ಹೀರಿ ಮೆತ್ತಗಾಗುತ್ತದೆ. ಫ್ರಿಜ್‌ನಲ್ಲಿಟ್ಟ ಡಬ್ಬಿಯನ್ನು ದಿನಾ ಹೊರಗೆ ತೆಗೆದು ಮುಚ್ಚಳ ಬಿಚ್ಚಿದರೆ ತಣ್ಣಗಿನ ಮಾತ್ರೆಯ ಮೇಲೆ ನೀರು ಕೂರುತ್ತದೆ. ಇನ್ಸುಲಿನ್ ಬೇರೆ ಮಾತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಫ್ರೀಜರ್‌ಗೆ ಮಾತ್ರ ಹೋಗಬಾರದು.

ಥೈರಾಯ್ಡ್ ಮಾತ್ರೆ ಬಾಟಲಿಯಲ್ಲಿ ಬಂದಿದ್ದರೆ ಅದರಲ್ಲೇ ಇರಲಿ. ಒಳಗಿನ ಹತ್ತಿ ತೇವ ಎಳೆಯುತ್ತದೆ, ಮೊದಲ ದಿನವೇ ತೆಗೆದುಬಿಡಿ. ತೇವ ಹೀರುವ ಪುಟ್ಟ ಚೀಲವಿದ್ದರೆ ಅದನ್ನು ಬಾಟಲಿಯೊಳಗೇ ಇರಲು ಬಿಡಿ.

ಇನ್ನು ಬಿಸಿಲು. ಹೆಚ್ಚಿನ ಸ್ಟ್ರಿಪ್‌ಗಳ ಮೇಲೆ 25 ಅಥವಾ 30 ಡಿಗ್ರಿ ಮೀರಬಾರದು ಅಂತ ಇರುತ್ತದೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ಅದು ಎಲ್ಲಿ ಸಾಧ್ಯ ಅಲ್ವಾ? ಬಿಸಿ ಮೇಲಕ್ಕೇರುತ್ತದೆ, ಹಾಗಾಗಿ ಸಜ್ಜೆ, ಫ್ರಿಜ್ ತಲೆ, ಟಿವಿ ಮೇಲೆ ಬೇಡ. ಒಲೆ ಪಕ್ಕವಂತೂ ಬೇಡವೇ ಬೇಡ. ಬಿಸಿಲು ಬೀಳದ ಗೋಡೆಯ ಕಡೆ ಬೀರು ಇದ್ದರೆ ಅದರ ಕೆಳಗಿನ ಅರೆ ಒಳ್ಳೆಯದು. ಆದರೆ ಅಲ್ಲಿಗೆ ಮೊಮ್ಮಕ್ಕಳ ಕೈ ಸಿಗುತ್ತದೆ, ಬೀಗ ಹಾಕಲೇಬೇಕು. ಗ್ಲಿಮಿಪಿರೈಡ್ ಥರದ ಶುಗರ್ ಮಾತ್ರೆ ಒಂದೇ ಒಂದು ನುಂಗಿದರೂ ಪುಟ್ಟ ಮಗುವಿನ ಸಕ್ಕರೆ ಪ್ರಾಣಕ್ಕೆ ಕುತ್ತು ಬರುವಷ್ಟು ಇಳಿಯಬಹುದು. ಮಗು ಆಡಿಕೊಂಡಿದ್ದರೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ಸ್ಟ್ರಿಪ್ ಜೊತೆಗೇ ಆಸ್ಪತ್ರೆಗೆ ಹೋಗಿ.

ತಾರೀಖು 08/2027 ಅಂತಿದ್ದರೆ ಆಗಸ್ಟ್ 31ರವರೆಗೆ ಬಳಸಬಹುದು. ಮುಗಿದ ಮೇಲೂ ಔಷಧ ಕೆಲಸ ಮಾಡುತ್ತದಂತೆ ಎನ್ನುವವರಿದ್ದಾರೆ. ಅಮೆರಿಕದ ಸೇನೆ 1986ರಿಂದ ತನ್ನ ದಾಸ್ತಾನನ್ನು ಪರೀಕ್ಷೆ ಮಾಡಿಸುತ್ತಿದೆ, ಎಷ್ಟೋ ಔಷಧಗಳು ವರ್ಷಗಟ್ಟಲೆ ಚೆನ್ನಾಗಿದ್ದದ್ದು ನಿಜ. ಅವು ಸೀಲ್ ಒಡೆಯದೆ ಗೋದಾಮಿನಲ್ಲಿ ಜೋಪಾನವಾಗಿದ್ದವು. ನಮ್ಮ ಶೀಟ್ ಮನೆಯ ಮಾತ್ರೆಗೆ ಆ ಮಾತು ಒಪ್ಪುವುದಿಲ್ಲ. ಹೃದಯ, ಫಿಟ್ಸ್, ಥೈರಾಯ್ಡ್ ಔಷಧಗಳಲ್ಲಂತೂ ಅವಧಿ ಮುಗಿದದ್ದನ್ನು ಮುಟ್ಟಬೇಡಿ.

ಸ್ಟ್ರಿಪ್ ಕತ್ತರಿಸುವಾಗ ತಾರೀಖಿರುವ ತುದಿ ಕೊನೆಗೆ ಉಳಿಯಲಿ, ಅಂಗಡಿಯಲ್ಲೂ ಹಾಗೇ ಕೇಳಿ. ಮಾರ್ಚ್‌ನಿಂದ ಮೇವರೆಗೆ ಮೂರು ತಿಂಗಳದ್ದು ಒಟ್ಟಿಗೆ ತರಬೇಡಿ. ಚೀಟಿ ಅಮ್ಮನ ಹತ್ತಿರ ಇಟ್ಟಿರಿ, ತಿಂಗಳು ತಿಂಗಳು ಅಲ್ಲೇ ಪಾವಗಡದಲ್ಲಿ ತೆಗೆದುಕೊಳ್ಳಲಿ.