ಪ್ರಶ್ನೋತ್ತರ: ಬ್ಲೆಂಡರ್‌ನಲ್ಲಿ ಅಡಿಕೆ ತೋಟ

ಪ್ರಶ್ನೆ: ನಮ್ಮ ತೋಟದ ಮರಗಳ ಜಾಗ, ಎತ್ತರ ಎಲ್ಲ ಒಂದು ಸಿಎಸ್‌ವಿ ಫೈಲಿನಲ್ಲಿದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಮೂಲಕ ಅದನ್ನು ಬ್ಲೆಂಡರ್ ಎಂಬ ತಂತ್ರಾಂಶಕ್ಕೆ ಕೊಟ್ಟು ತ್ರೀಡಿ ತೋಟ ಮಾಡಲು ಹೊರಟೆ. ಸಾವಿರ ಮರ ಆಗುವಷ್ಟರಲ್ಲಿ ಲ್ಯಾಪ್‌ಟಾಪ್ ಒದ್ದಾಡುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಲ್ಯಾಪ್‌ಟಾಪನ್ನು ಬೈಯಬೇಡಿ ಮಾರಾಯ್ರೆ. ನೀವು ಲೂಪಿನೊಳಗೆ (ಮತ್ತೆ ಮತ್ತೆ ಓಡುವ ಕೋಡು) ಬ್ಲೆಂಡರ್‌ನ ‘ಬಿಪಿವೈ ಡಾಟ್ ಆಪ್ಸ್’ ಆಜ್ಞೆ ಕರೆದು ಮರ ನಕಲು ಮಾಡುತ್ತಿರಬೇಕು. ಅದು ಮೆನು ಒತ್ತಿದ್ದಕ್ಕೆ ಸಮ. ಒಂದೊಂದು ಮರಕ್ಕೂ ಇಡೀ ದೃಶ್ಯ ಅಪ್‌ಡೇಟ್ ಆಗುತ್ತದೆ. ಅದರ ಬದಲು ‘ಬಿಪಿವೈ ಡಾಟ್ ಡೇಟಾ ಡಾಟ್ ಆಬ್ಜೆಕ್ಟ್ಸ್ ಡಾಟ್ ನ್ಯೂ’ ಬಳಸಿ, ಒಂದೇ ಅಡಿಕೆ ಮರದ ಮೆಶ್ಶನ್ನು (ಆಕಾರದ ಬಲೆ) ಎಲ್ಲ ಆಬ್ಜೆಕ್ಟ್‌ಗಳಿಗೂ ಕೊಟ್ಟು ಕಲೆಕ್ಷನ್‌ಗೆ (ದೃಶ್ಯದ ಗುಂಪು) ಲಿಂಕ್ ಮಾಡಿ. ಸೋಗೆ, ಹಿಂಗಾರ, ಗೊನೆಯ ಆಕಾರವೆಲ್ಲ ಮೆಮೊರಿಯಲ್ಲಿ ಒಂದೇ ಸಲ ಕೂರುತ್ತದೆ. ಎತ್ತರಕ್ಕೆ ಸ್ಕೇಲ್ ಬದಲಿಸಿದರಾಯಿತು. ಮರಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಕವಾಯತು ನಿಂತಂತೆ ಕಂಡರೆ ಒಂದೊಂದನ್ನೂ ಸ್ವಲ್ಪ ತಿರುಗಿಸಿ.

ಪೈಥಾನ್ ಬ್ಲೆಂಡರ್ ಜತೆಗೇ ಬರುತ್ತದೆ, ಬೇರೆ ಹಾಕಿಕೊಳ್ಳಬೇಕಿಲ್ಲ. ಬ್ಲೆಂಡರ್‌ನ ಲೆಕ್ಕ ಮೀಟರಿನಲ್ಲಿ ಎಂಬುದು ನೆನಪಿರಲಿ. 9 ಅಡಿ ಅಂತರವನ್ನು 9 ಎಂದೇ ಬರೆದರೆ ತೋಟವಲ್ಲ, ಬಯಲು, 2.74 ಎಂದು ಬರೆಯಿರಿ.

ರೆಂಡರನ್ನು (ದೃಶ್ಯದಿಂದ ಅಂತಿಮ ಚಿತ್ರ ತೆಗೆಯುವ ಕೆಲಸ) ಟರ್ಮಿನಲ್‌ನಿಂದ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಿಂದ ಓಡಿಸಿ. ಮೊದಲು ‘ಹೈಫನ್ ಬಿ’ (ಬ್ಲೆಂಡರ್ ಪರದೆ ತೆರೆಯದೆ ಹಿಂದೆಯೇ ಓಡಲಿ ಎಂದು) ಮತ್ತು ಬ್ಲೆಂಡ್ ಫೈಲು, ಆಮೇಲೆ ‘ಹೈಫನ್ ದೊಡ್ಡ ಪಿ’ ಮತ್ತು ಸ್ಕ್ರಿಪ್ಟು. ಕ್ರಮ ಅದಲುಬದಲಾದರೆ ನಿಮ್ಮ ತೋಟ ತೆರೆಯುವ ಮೊದಲೇ ಸ್ಕ್ರಿಪ್ಟ್ ಓಡಿ ಮುಗಿದಿರುತ್ತದೆ. ಅನಿಮೇಷನ್ ಆದರೆ ವಿಡಿಯೊ ಬೇಡ, ಒಂದೊಂದು ಫ್ರೇಮನ್ನೂ ಪಿಎನ್‌ಜಿ ಮಾಡಿ ಉಳಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಹೇಳಬೇಕೆ? ಹೋದರೆ ನಿಂತಲ್ಲಿಂದ ಮುಂದುವರಿಸಬಹುದು.