ಕುತ್ತಿಗೆಯಲ್ಲಿ ನರಹುರಿ ಒತ್ತಿದರೆ ಸಣ್ಣ ಗಾಯದ ಆಪರೇಷನ್ ಸಾಕೇ?

ಉಡುಪಿಯ ನಿಮ್ಮ ತಂದೆಯವರಿಗೆ ಸಿ5–ಸಿ6ರಲ್ಲಿ (ಕುತ್ತಿಗೆಯ 5 ಮತ್ತು 6ನೇ ಮೂಳೆಗಳ ನಡುವೆ) ನರಹುರಿ, ಅಂದರೆ ಬೆನ್ನುಮೂಳೆಯೊಳಗಿನ ನರಗಳ ಕಟ್ಟು, ಒತ್ತಿದೆ, ಅಂಗಿಯ ಗುಂಡಿ ಹಾಕಲಾಗದು, ಚಪ್ಪಲಿ ಕಾಲಿನಿಂದ ಜಾರುತ್ತದೆ ಎಂದಿದ್ದೀರಿ. ಮೊದಲು, ಎಣ್ಣೆ ಹಚ್ಚಿ ಕುತ್ತಿಗೆ ತಿರುಚಿಸುವುದನ್ನು ಇವತ್ತೇ ನಿಲ್ಲಿಸಿ.

ಒತ್ತಡ ಹಿಂದಿನಿಂದ, ಒಂದೆರಡು ಮೂಳೆಗಳ ಮಟ್ಟದಲ್ಲಷ್ಟೇ ಇದ್ದರೆ ಸಣ್ಣ ಗಾಯದ ಆಪರೇಷನ್ ಸಾಕಾಗಬಹುದು. ಸುಮಾರು 2 ಸೆಂ.ಮೀ. ಗಾಯದಲ್ಲಿ ಸ್ನಾಯುವನ್ನು ಸರಿಸಿ ಕೊಳವೆ ಇಳಿಸುತ್ತಾರೆ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಡ್ರಿಲ್‌ನಿಂದ ಮೂಳೆ ತೆಳುಮಾಡಿ, ದಪ್ಪಗಾದ ಹಳದಿ ಲಿಗಮೆಂಟನ್ನು (ಮೂಳೆಗಳನ್ನು ಜೋಡಿಸುವ ಪಟ್ಟಿ) ಕೊನೆಗೆ ತೆಗೆಯುತ್ತಾರೆ. ಅಲ್ಲಿಯವರೆಗೆ ಡ್ರಿಲ್ಲಿಗೂ ನರಹುರಿಗೂ ನಡುವೆ ಅದೇ ರಕ್ಷಣೆ.

ಡಿಸ್ಕ್ ಮುಂದಿನಿಂದ ಒತ್ತಿದ್ದರೆ ಅಥವಾ ಕುತ್ತಿಗೆ ಮುಂದಕ್ಕೆ ಬಾಗಿದ್ದರೆ ಸಾಮಾನ್ಯವಾಗಿ ಗಂಟಲ ಕಡೆಯಿಂದಲೇ ಹೋಗಬೇಕು. ಗಾಯದ ಅಳತೆಗೆ ಮರುಳಾಗಬೇಡಿ. ಮಣಿಪಾಲಕ್ಕೋ ಮಂಗಳೂರಿಗೋ ಹೋಗುವಾಗ ಎಂಆರ್‌ಐ ಜೊತೆ ಕುತ್ತಿಗೆ ಬಗ್ಗಿಸಿ, ಎತ್ತಿ ತೆಗೆದ ಎಕ್ಸ್‌ರೇ ಇದ್ದರೆ ಒಯ್ಯಿರಿ. ಮೂಳೆ ಜಾರುತ್ತಿದ್ದರೆ ಅದರಲ್ಲಿ ಕಾಣುತ್ತದೆ. ಆಪರೇಷನ್ ನಂತರ ತೋಳು ಎತ್ತಲಾಗದಿದ್ದರೆ ಕೂಡಲೇ ಡಾಕ್ಟರಿಗೆ ತಿಳಿಸಿ.