ಒಂದು ಬಸ್, ಎರಡು ಜೋಡಿ ಪಿನ್

ಪ್ರಶ್ನೆ: ಮೇಡಂ, ರಾಸ್ಪ್‌ಬೆರಿ ಪೈ 4 ಬೋರ್ಡಿನ ಐ2ಸಿ-0 (ಎರಡೇ ತಂತಿಯಲ್ಲಿ ಚಿಪ್‌ಗಳ ಜೊತೆ ಮಾತಾಡುವ ಬಸ್) ಕಂಟ್ರೋಲರ್ ಎರಡು ಕಡೆ ಹೊರಬರುತ್ತದೆ. ಜಿಪಿಐಒ ಪಿನ್ 0, 1ರಲ್ಲಿ ನಮ್ಮ ಹ್ಯಾಟ್ ಬೋರ್ಡಿನ (ಪೈ ಮೇಲೆ ಕೂರುವ ಹೆಚ್ಚುವರಿ ಬೋರ್ಡ್) ಈಪ್ರಾಮ್ ಎಂಬ ಮೆಮೊರಿ ಚಿಪ್ ಇದೆ. 44, 45ರಲ್ಲಿ ಕ್ಯಾಮೆರಾ. ಕಲಿಯೋಣ ಅಂತ ಡಿವೈಸ್ ಟ್ರೀಯಲ್ಲಿ (ಕರ್ನಲ್‌ಗೆ ಹಾರ್ಡ್‌ವೇರ್ ವಿವರ ಹೇಳುವ ಫೈಲ್) ಮಕ್ಸ್ ನೋಡ್, ಅಂದರೆ ಒಂದೇ ಬಸ್ಸನ್ನು ಎರಡು ಜೋಡಿ ಪಿನ್‌ಗಳ ನಡುವೆ ಬದಲಿಸುವ ಭಾಗ, ನಾನೇ ಬರೆದೆ. ಬೂಟ್ ಆಗುವಾಗ ‘ಪಿನ್ ಆಲ್ರೆಡಿ ರಿಕ್ವೆಸ್ಟೆಡ್’ ಅಂತ ಬರುತ್ತದೆ, ಮಕ್ಸ್ ಡ್ರೈವರ್ ಲೋಡ್ ಆಗುವುದೇ ಇಲ್ಲ. ಫೈಲ್ ಜೊತೆಗಿದೆ.
– ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಫೈಲ್ ನೋಡಿದೆ. ಮಕ್ಸ್ ನೋಡ್ ಬಹುಪಾಲು ಸರಿಯಾಗಿದೆ. ತೊಂದರೆ ಇರುವುದು ಐ2ಸಿ-0 ನೋಡಿನಲ್ಲಿ. ಅಲ್ಲಿ ‘ಪಿನ್‌ಕಂಟ್ರೋಲ್-0’ ಸಾಲು, ಅಂದರೆ ಆ ಡಿವೈಸಿಗೆ ಯಾವ ಪಿನ್ ಬೇಕು ಅಂತ ಹೇಳುವ ಸಾಲು, ಹಾಗೇ ಉಳಿದುಬಿಟ್ಟಿದೆ. ಯಾವುದೇ ಡ್ರೈವರಿನ ಪ್ರೋಬ್ (ಡಿವೈಸನ್ನು ಸಿದ್ಧಗೊಳಿಸುವ ಹಂತ) ಶುರುವಾಗುವ ಮೊದಲೇ ಕರ್ನಲ್ ಆ ಡಿವೈಸಿನ ಡಿಫಾಲ್ಟ್ ಪಿನ್ ಸ್ಥಿತಿಯನ್ನು ಹಾಕಿಬಿಡುತ್ತದೆ. ಹಾಗಾಗಿ ಜಿಪಿಐಒ 0, 1 ಆಗಲೇ ಕಂಟ್ರೋಲರ್ ಹೆಸರಿಗೆ ಹೋಗಿರುತ್ತವೆ. ಆಮೇಲೆ ಮಕ್ಸ್ ಬಂದು ಅದೇ ಪಿನ್ ಕೇಳಿದರೆ ಎಲ್ಲಿಂದ ಸಿಗಬೇಕು? ಈ ಡ್ರೈವರ್ ಬಳಸಿದಾಗ ಪಿನ್‌ಗಳ ಯಜಮಾನಿಕೆ ಪೂರ್ತಿ ಮಕ್ಸಿನದೇ. ಐ2ಸಿ-0 ನೋಡಿನಲ್ಲಿ ‘ಡಿಲೀಟ್-ಪ್ರಾಪರ್ಟಿ’ ಹಾಕಿ ಪಿನ್‌ಕಂಟ್ರೋಲ್-ನೇಮ್ಸ್, ಪಿನ್‌ಕಂಟ್ರೋಲ್-0 ಎರಡನ್ನೂ ತೆಗೆಯಿರಿ. ಪೈನವರ ಸ್ವಂತ ಕರ್ನಲ್‌ನಲ್ಲೂ ಹೀಗೇ ಮಾಡಿದ್ದಾರೆ.

ಊಹೆ ಮಾಡುತ್ತಾ ಕೂರಬೇಡಿ, ಕಣ್ಣಾರೆ ನೋಡಿ. ರೂಟ್ ಆಗಿ, ಕರ್ನಲ್ ತನ್ನ ಒಳಗಿನ ಸ್ಥಿತಿ ತೋರಿಸುವ ಡೀಬಗ್‌ಎಫ್‌ಎಸ್‌ನ ಪಿನ್‌ಕಂಟ್ರೋಲ್ ಫೋಲ್ಡರಿಗೆ ಹೋದರೆ ‘ಪಿನ್‌ಮಕ್ಸ್-ಪಿನ್ಸ್’ ಎಂಬ ಫೈಲ್ ಇದೆ. ಒಂದೊಂದು ಪಿನ್ನಿಗೂ ಒಂದು ಸಾಲು, ಪಕ್ಕದಲ್ಲಿ ಅದನ್ನು ಹಿಡಿದವರ ಹೆಸರು. ಈಗ ಪಿನ್ 0ರ ಮುಂದೆ ‘ಎಫ್‌ಇ205000.ಐ2ಸಿ’ ಅಂತ ಕಾಣಬೇಕು, ಅದು ನಿಮ್ಮ ಕಂಟ್ರೋಲರ್. ಸರಿಮಾಡಿದ ಮೇಲೆ ಅಲ್ಲಿ ಮಕ್ಸಿನ ಹೆಸರು ಬರುತ್ತದೆ. ಪಿನ್ ಜಗಳ ಯಾವುದೇ ಇರಲಿ, ನಾನು ಮೊದಲು ತೆರೆಯುವುದು ಈ ಫೈಲನ್ನೇ.

ಇನ್ನೊಂದು ವಿಷಯ. ನೀವು ಮಕ್ಸ್ ನೋಡಿನಲ್ಲಿ ‘ಐಡಲ್’ ಸ್ಥಿತಿಯನ್ನು (ಯಾವ ಬಸ್ಸೂ ಕೆಲಸದಲ್ಲಿಲ್ಲದಾಗಿನದು) ಪಟ್ಟಿಯ ಮೊದಲಿಗೆ ಬರೆದಿದ್ದೀರಿ. ಅದು ಕೊನೆಯಲ್ಲೇ ಇರಬೇಕು, ಇಲ್ಲದಿದ್ದರೆ ಡ್ರೈವರ್ ಒಪ್ಪುವುದಿಲ್ಲ. ಕಾರಣ ಇದೆ: ಮಕ್ಸ್ ಒಳಗೆ ಒಂದೊಂದು ಬಸ್ಸಿಗೂ ಬರೆಯುವ ಉಪನೋಡಿನ ‘ರೆಗ್’ ಸಂಖ್ಯೆಯೇ ಪಿನ್‌ಕಂಟ್ರೋಲ್-ನೇಮ್ಸ್ ಪಟ್ಟಿಯಲ್ಲಿ ಆ ಬಸ್ಸಿನ ಸ್ಥಾನ. ರೆಗ್ 0 ಅಂದರೆ ಪಟ್ಟಿಯ ಮೊದಲ ಹೆಸರು.

ಐಡಲ್ ಬೇಕೇ ಬೇಕಾ? ಕಡ್ಡಾಯವಲ್ಲ. ಇದ್ದರೆ ಪ್ರತಿ ಟ್ರಾನ್ಸ್‌ಫರ್ ಮುಗಿದ ಕೂಡಲೇ ಆ ಸ್ಥಿತಿಗೆ ಹೋಗುತ್ತದೆ. ಇಲ್ಲದಿದ್ದರೆ ಕೊನೆಗೆ ಬಳಸಿದ ಬಸ್ಸೇ ಜೋಡಣೆಯಲ್ಲಿರುತ್ತದೆ. 2012ರಲ್ಲಿ ಎನ್ವಿಡಿಯಾದಿಂದ ಈ ಡ್ರೈವರ್ ಬಂದಾಗ ಅವರ ಟೆಗ್ರಾ ಪ್ರೊಸೆಸರಿನ ಉದಾಹರಣೆಯಲ್ಲಿ ‘ಡಿಡಿಸಿ’, ‘ಪಿಟಿಎ’ (ಎರಡು ಪಿನ್ ಗುಂಪುಗಳ ಹೆಸರು), ‘ಐಡಲ್’ ಅಂತ ಮೂರು ಸ್ಥಿತಿಗಳಿದ್ದವು. ಐಡಲ್‌ನಲ್ಲಿ ಎರಡೂ ಗುಂಪಿನ ಪಿನ್‌ಗಳು ಕಂಟ್ರೋಲರಿನಿಂದ ದೂರ. ಆ ಉದಾಹರಣೆಯನ್ನು ದಯವಿಟ್ಟು ಓದಿ. ಒಂದು ಗುಂಪನ್ನು ಐ2ಸಿಗೆ ಕೊಡುವಾಗ ಇನ್ನೊಂದನ್ನು ಬಿಡಿಸುವುದೂ ಅದೇ ಸ್ಥಿತಿಯಲ್ಲಿ ಬರೆದಿದೆ. ಎರಡೂ ಒಟ್ಟಿಗೆ ಅಂಟಿಕೊಂಡರೆ ಈಪ್ರಾಮ್ ಮತ್ತು ಕ್ಯಾಮೆರಾ ಒಂದೇ ತಂತಿಯಲ್ಲಿ ಇದ್ದಂತೆಯೇ, ಆಮೇಲೆ ಮಕ್ಸ್ ಯಾಕೆ ಬೇಕು?

ಹ್ಯಾಟ್ ಕಡೆ ಪುಲ್-ಅಪ್ (ತಂತಿಯನ್ನು ಮೇಲಿನ ವೋಲ್ಟೇಜಿಗೆ ಎಳೆದಿಡುವ ರೆಸಿಸ್ಟರ್) ಮರೆಯಬೇಡಿ. ಈಪ್ರಾಮ್ ಇರುವ ಅದರ ಐಡಿ ಪಿನ್‌ಗಳಿಗೆ 3.9 ಕಿಲೋ ಓಮ್ ಹಾಕಿ ಅಂತ ನಿಯಮದಲ್ಲೇ ಇದೆ. ಕ್ಯಾಮೆರಾ ಕಡೆಯ ಪುಲ್-ಅಪ್ ಇಲ್ಲಿಗೆ ಆಗಿಬರುವುದಿಲ್ಲ.

ಪ್ರಶ್ನೆ: ಒಂದೇ ವಿಳಾಸದ ನಾಲ್ಕು ಸೆನ್ಸರ್ ಇವೆ. ಐ2ಸಿ ಬಸ್ಸನ್ನು ಹಲವು ಚಾನಲ್‌ಗಳಾಗಿ ಬಿಡಿಸುವ ಪಿಸಿಎ9548 ಚಿಪ್ ತರಬೇಕೋ, ಅಥವಾ ಈ ಪಿನ್‌ಕಂಟ್ರೋಲ್ ಮಕ್ಸೇ ಸಾಕೋ?
– ಓದುಗರು, ಪುತ್ತೂರು

ಉತ್ತರ: ಚಿಪ್ಪೇ ತನ್ನಿ. ನಿಮ್ಮ ಪ್ರೊಸೆಸರ್ ಒಂದೇ ಕಂಟ್ರೋಲರನ್ನು ನಾಲ್ಕು ಜೋಡಿ ಪಿನ್ನಿಗೆ ಹಾಯಿಸುವಂತಿದ್ದರೆ ಮಾತ್ರ ಪಿನ್‌ಕಂಟ್ರೋಲ್ ಮಕ್ಸ್ ಕೆಲಸಕ್ಕೆ ಬರುತ್ತದೆ. ಪಿಸಿಎ9548 ಎಂಟು ಚಾನಲ್ ಕೊಡುತ್ತದೆ, ಅದರ ವಿಳಾಸ ಹೆಕ್ಸ್ 70ರಿಂದ 77ರೊಳಗೆ. ನಾಲ್ಕೂ ಸೆನ್ಸರ್ ಬೇರೆ ಬೇರೆ ಚಾನಲ್‌ನಲ್ಲಿರಲಿ. ಅದೇ ವಿಳಾಸದ ಇನ್ನೊಂದನ್ನು ಮಾತ್ರ ಮೇಲಿನ ಮೂಲ ಬಸ್ಸಿಗೆ ಜೋಡಿಸಬೇಡಿ, ಕರ್ನಲ್ ತಡೆಯುತ್ತದೆ.